ಐದನೆಯ ಟೆಸ್ಟಿನ ಆಲಿಕಲ್ಲು

ಈ ಫೋನುಗಳಿಗೆ ಈಚೆಗೆ ಒಂದು ಚಟ ಹತ್ತಿಕೊಂಡಿದೆ. ನಾವು ಕೇಳದಿದ್ದರೂ ಬೆಳಗಾಗುತ್ತಲೇ ಹಳೆಯ ಫೋಟೋ ಒಂದನ್ನು ಎಳೆದು ತಂದು, ಆ ವರ್ಷ ಇದೇ ದಿನ ನೀವು ಹೀಗಿದ್ದಿರಿ ನೋಡಿ ಎಂದು ಮುಖಕ್ಕೆ ಹಿಡಿಯುತ್ತವೆ. ನನ್ನ ಪಾಲಿಗೆ ಸಾಮಾನ್ಯವಾಗಿ ಬರುವುದು ಯಾರದೋ ಹುಟ್ಟುಹಬ್ಬದಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡು, ಬಾಯಿ ತುಂಬ ಕೇಕು ತುಂಬಿಕೊಂಡು ನಿಂತ ನನ್ನದೇ ಚಿತ್ರ. ಹೋದ ವಾರ ಮಾತ್ರ ಬೇರೆಯದು ಬಂತು. ಆಗ ನಮ್ಮ ಹತ್ತಿರವಿದ್ದ ಕೆಂಪು ಕಾರು, ಅದರ ಬಾನೆಟ್ಟಿನ ಮೇಲೆ ಎರಡು ಬೆರಳು ದಪ್ಪಕ್ಕೆ ಬಿಳಿ ಬಿಳಿ ಮಂಜುಗಡ್ಡೆ, ಹಿಂದುಗಡೆ ಒಂದು ಖರ್ಜೂರದ ಮರ, ಮರದ ಬುಡದಲ್ಲಿ ರಸ್ತೆ ಅಗೆಯುವವರು ಇಟ್ಟ ಕಿತ್ತಳೆ ಬಣ್ಣದ ಕೋನುಗಳು.

ಪಕ್ಕದ ಮನೆಯ ಕಾಲೇಜು ಹುಡುಗಿ ಇಣುಕಿ ನೋಡಿ, "ಆಂಟಿ, ಸ್ವಿಟ್ಜರ್ಲೆಂಡಾ?" ಎಂದಳು.

"ಅಲ್ಲಮ್ಮ, ಕತಾರ್."

"ಹೋಗಿ ಆಂಟಿ, ಸುಮ್ನೆ ರೀಲು ಬಿಡ್ತೀರ" ಎಂದು ನಕ್ಕುಬಿಟ್ಟಳು. ತಪ್ಪು ಅವಳದಲ್ಲ. ನನ್ನ ಕಣ್ಣಿನಿಂದ ನೋಡಿ, ನನ್ನ ಹಲ್ಲಿನಿಂದ ಕಚ್ಚಿ ಬಂದಿದ್ದರೂ ನನಗೇ ಇವತ್ತಿಗೂ ಪೂರ್ತಿ ನಂಬಿಕೆ ಬಂದಿಲ್ಲ.

ಕತಾರ್ ಹೇಗಿದೆ ಎಂದರೆ, ಮೂರು ಕಡೆ ಸಮುದ್ರ, ನಡುವೆ ಲಟ್ಟಿಸಿಟ್ಟ ಚಪಾತಿಯಂತೆ ಚಪ್ಪಟೆ ನೆಲ. ಗುಡ್ಡ ಎನ್ನುವಂಥದ್ದು ಏನೂ ಇಲ್ಲ. ರಾಜಧಾನಿ ದೋಹಾದ ಅಲ್ ಹಿಲಾಲ್‌ನಲ್ಲಿ ನಮ್ಮ ಮೂರನೆಯ ಮಹಡಿಯ ಕಿಟಕಿಯಿಂದ ನೋಡಿದರೆ ಒಗೆದ ಬಟ್ಟೆ, ನೀರಿನ ಟ್ಯಾಂಕು, ಡಿಶ್ ಆಂಟೆನಾ, ಅದರಾಚೆ ಕ್ರೇನುಗಳು. ವಿಶ್ವಕಪ್ ಫುಟ್‌ಬಾಲ್ ಬರುತ್ತದೆ ಎಂದು ಊರಿಗೆ ಊರನ್ನೇ ಅಗೆಯುತ್ತಿದ್ದ ವರ್ಷಗಳು ಅವು. ನಿನ್ನೆ ಹೋದ ದಾರಿಯಲ್ಲಿ ಇವತ್ತು ಹೋಗುವ ಹಾಗಿರಲಿಲ್ಲ. ಬೇಸಗೆಯಲ್ಲಿ ಕಾರಿನ ಬಾಗಿಲು ತೆಗೆಯಲು ಕರವಸ್ತ್ರ ಬೇಕಾಗುತ್ತಿತ್ತು. ಚಳಿಗಾಲ ಎನ್ನುವುದು ಬಂದರೂ ಒಂದು ತೆಳು ಸ್ವೆಟರು, ನಾಲ್ಕು ಹನಿ ಮಳೆ, ಮುಗಿಯಿತು. ಅಂಥ ನೆಲದ ಮೇಲೆ ಬರ್ಫು ಎಲ್ಲಿಂದ ಬಂದು ಬೀಳಬೇಕು? ಬಿತ್ತು. ಹತ್ತು ನಿಮಿಷ ಬಿತ್ತು. ನೆಲ ಬೆಳ್ಳಗಾಯಿತು.

ಅದು ಸ್ನೋ ಹೌದೋ ಅಲ್ಲವೋ ಎಂಬ ಚರ್ಚೆ ಆಮೇಲೆ ವಾರವಿಡೀ ನಡೆಯಿತು. ನಾನಾಗ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬಂದ ಪತ್ರಕ್ಕೆ ತಾರೀಖಿನ ಮೊಹರು ಒತ್ತಿ, ನಂಬರು ಹಾಕಿ, ಯಾರಿಗೆ ಸೇರಬೇಕೋ ಅವರಿಗೆ ತಲುಪಿಸುವುದು, ಅಷ್ಟೇ. ಮಾರನೆಯ ದಿನ ಬೆಳಿಗ್ಗೆಯಿಂದ ನನ್ನ ಮೇಜಿನ ಮೇಲೆ ಸಣ್ಣ ಗುತ್ತಿಗೆದಾರರ ಪತ್ರಗಳ ರಾಶಿ. ಹವಾಮಾನ ವೈಪರೀತ್ಯದಿಂದ ಕೆಲಸ ನಿಂತಿತು, ಗಡುವಿಗೆ ಒಂದು ದಿನ ಸೇರಿಸಿಕೊಡಿ ಎಂಬ ಬೇಡಿಕೆ. ಒಬ್ಬ 'ಆಲಿಕಲ್ಲು' ಎಂದು ಬರೆದಿದ್ದ. ಇನ್ನೊಬ್ಬ 'ಭಾರೀ ಹಿಮಪಾತ'. ಮೂರನೆಯವನು 'ಹಿಮಬಿರುಗಾಳಿ' ಎಂದು ಬರೆದು ಎರಡು ದಿನ ಕೇಳಿದ್ದ. ನಮ್ಮ ಆಫೀಸಿನ ಲ್ಯಾನ್ಸಿ, ಉಡುಪಿ ಕಡೆಯವರು, ಆ ಪತ್ರವನ್ನು ಎತ್ತಿ ಹಿಡಿದು, "ಇವನು ಎಂತ ಮಾರಾಯ್ರೆ, ಇವನ ಸೈಟಿಗೆ ಮಾತ್ರ ಹಿಮಾಲಯ ಬಂದದ್ದಾ?" ಎಂದು ಆಫೀಸಿಗೆಲ್ಲ ಓದಿ ಹೇಳಿದರು. ಮೈಸೂರಿನಿಂದ ನಮ್ಮತ್ತೆ ಫೋನು ಮಾಡಿ, "ಟೀವೀಲಿ ಹಿಮ ಬಿದ್ದಿದೆ ಅಂತ ತೋರಿಸ್ತಾ ಇದಾರೆ, ಮಗೂಗೆ ಕಿವಿ ಮುಚ್ಚೋ ಟೋಪಿ ಹಾಕಿದೀಯೇನೇ?" ಎಂದರು. ಅಷ್ಟು ಹೊತ್ತಿಗೆ ದೋಹಾದಲ್ಲಿ ಬಿಸಿಲು ಬಂದು ನಾವು ಫ್ಯಾನು ಹಾಕಿಕೊಂಡು ಕೂತಿದ್ದೆವು.

ನನಗೆ ಮಾತ್ರ ಅದು ಆಲಿಕಲ್ಲೇ ಎಂಬುದರಲ್ಲಿ ಸಂಶಯವಿರಲಿಲ್ಲ. ಈ ವಿಷಯದಲ್ಲಿ ನನಗೆ ಒಂಚೂರು ಪಾಂಡಿತ್ಯವಿದೆ ಎಂದರೆ ಜಂಬ ಅಂದುಕೊಳ್ಳಬೇಡಿ. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಐದು ಮನೆ, ಒಂದು ನಲ್ಲಿ, ನಡುವೆ ಕಲ್ಲು ಹಾಸಿದ ಅಂಗಳ. ಯುಗಾದಿ ಕಳೆದ ಮೇಲೆ ಒಂದೊಂದು ಮಧ್ಯಾಹ್ನ ಮೋಡ ಕಪ್ಪಿಟ್ಟುಕೊಂಡು ಬಂದು ಪಟಪಟ ಆಲಿಕಲ್ಲು ಸುರಿಯುತ್ತಿತ್ತು. ವಠಾರದ ಮಕ್ಕಳೆಲ್ಲ ತಲೆಯ ಮೇಲೊಂದು ಪಾತ್ರೆ, ಕೈಯಲ್ಲೊಂದು ಪಾತ್ರೆ ಹಿಡಿದು ಅಂಗಳಕ್ಕೆ ಧುಮುಕುತ್ತಿದ್ದೆವು. ತಲೆಯ ಮೇಲಿನ ಪಾತ್ರೆ ರಕ್ಷಣೆಗೆ, ಕೈಯಲ್ಲಿದ್ದದ್ದು ಸಂಗ್ರಹಕ್ಕೆ. ಒಂದು ಸಲ ನಾನು ಅವಸರದಲ್ಲಿ ತಲೆಯ ಮೇಲೆ ಕಾಫಿ ಡಿಕಾಕ್ಷನ್ ಇದ್ದ ಪಾತ್ರೆಯನ್ನೇ ಕವುಚಿಕೊಂಡಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು, "ಬುರುಡೆ ಒಡ್ಕೊಂಡು ಸಾಯ್ತೀರ, ಬನ್ರೇ ಒಳಗೆ" ಎಂದು ಕೂಗುತ್ತ, ಮಳೆ ನಿಲ್ಲಲಿ ಎಂದು ಹಳೆಯ ಮೊರವೊಂದನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಮಳೆ ನಿಂತಾಗೆಲ್ಲ ಅದು ಮೊರದಿಂದಲೇ ನಿಂತದ್ದು ಎಂದು ಅವಳ ಲೆಕ್ಕ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರು ಆಲಿಕಲ್ಲನ್ನು ತಿನ್ನಲು ಬಿಡುತ್ತಿರಲಿಲ್ಲ. ಮೊದಲು ಅದನ್ನು ಪಂಚೆಯ ತುದಿಯಲ್ಲಿ ಹಿಡಿದು, ಶೇವಿಂಗ್ ಬ್ಲೇಡಿನಿಂದ ಎರಡು ಹೋಳು ಮಾಡಿ, ಈರುಳ್ಳಿಯಲ್ಲಿರುವಂಥ ಸುತ್ತುಗಳನ್ನು ತೋರಿಸುತ್ತಿದ್ದರು.

"ಎಷ್ಟು ಸುತ್ತಿದೆ ಎಣ್ಸು."

"ಮೂರು."

"ಹಾಗಾದ್ರೆ ಇದು ಮೋಡದೊಳಗೆ ಮೂರು ಸಲ ಮೇಲಕ್ಕೆ ಕೆಳಕ್ಕೆ ಓಡಾಡಿದೆ. ಪ್ರತಿ ಸಲಾನೂ ಒಂದೊಂದು ಪದರ ಹೊದ್ಕೊಂಡಿದೆ. ಕೊನೆಗೆ ಮೋಡಕ್ಕೆ ಇದರ ಭಾರ ತಡಿಯೋಕಾಗದೆ ನಮ್ಮನೆ ಅಂಗಳಕ್ಕೆ ಹಾಕಿದೆ. ಈಗ ತಿನ್ನು."

ಅಷ್ಟರಲ್ಲಿ ಅದು ಕರಗಿ ಪಂಚೆಯೊಳಗೆ ಹೋಗಿರುತ್ತಿತ್ತು. ಇದರಿಂದಾಗಿ ನನಗೆ ಆಲಿಕಲ್ಲು ಕಂಡರೆ ಎಷ್ಟು ಸುತ್ತು ಎಂದು ನೋಡದೆ ಇರಲಾಗದ ಒಂದು ರೋಗ ಅಂಟಿಕೊಂಡಿತು. ಮದುವೆಯಾಗಿ, ಕತಾರಿಗೆ ಬಂದು, ಮಗಳು ಸಿರಿ ಹುಟ್ಟಿ ಅವಳಿಗೆ ಏಳು ವರ್ಷವಾದರೂ ಆ ರೋಗ ಹೋಗಿರಲಿಲ್ಲ. ಮರಳುಗಾಡಿನಲ್ಲಿ ಇದ್ದುದರಿಂದ ಉಲ್ಬಣಿಸಿರಲಿಲ್ಲ, ಅಷ್ಟೆ.

ಈಗ ನನ್ನ ಡ್ರೈವಿಂಗ್ ಲೈಸೆನ್ಸಿನ ಕಥೆ ಹೇಳಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ.

ಮೈಸೂರಿನಲ್ಲಿ ನಾನು ಎಂಟು ಹಾಕಿ ತೋರಿಸಿ ಲೈಸೆನ್ಸು ಪಡೆದವಳೇ. ಆದರೆ ಅದನ್ನು ನಂಬಿ ದೋಹಾದಲ್ಲಿ ಗಾಡಿ ಕೊಡುವುದಿಲ್ಲ. ಡ್ರೈವಿಂಗ್ ಶಾಲೆಗೆ ಸೇರಿ, ಕಲಿತು, ಕಟ್ಟಕಡೆಗೆ ಪೊಲೀಸ್ ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಯಲ್ಲಿ ಓಡಿಸಿ ತೋರಿಸಬೇಕು. ಆ ಟೆಸ್ಟಿನಲ್ಲಿ ಒಂದೇ ಸಲಕ್ಕೆ ಪಾಸಾದವರನ್ನು ನಮ್ಮ ಕನ್ನಡದವರ ನಡುವೆ ದೇವರ ಹಾಗೆ ನೋಡುತ್ತಿದ್ದೆವು. ಉಳಿದವರೆಲ್ಲ ಎದುರಾದಾಗ ಮೊದಲು ಕೇಳುವುದು, "ನಿಮ್ಮದು ಎಷ್ಟನೇದು?" ಬಸುರಿಯನ್ನು ಎಷ್ಟು ತಿಂಗಳು ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು, ಸಲಹೆಗಳೂ ಅಷ್ಟೇ ಧಾರಾಳವಾಗಿ ಬರುತ್ತಿದ್ದವು. ಹಳದಿ ಬಟ್ಟೆ ಹಾಕಬೇಡಿ. ಅಧಿಕಾರಿ ಬಂದ ಕೂಡಲೇ ಸಲಾಂ ಹೇಳಿ. ಮೊಸರನ್ನ ತಿಂದು ಹೋಗಬೇಡಿ, ನಿದ್ದೆ ಬರುತ್ತೆ. ಲ್ಯಾನ್ಸಿ ಮಾತ್ರ, "ಹೆದರುದು ಎಂತಕ್ಕೆ? ನಾನು ಪಾಸಾದ್ದೇ ಆರನೇ ಸಲ. ಐದು ಸಲ ಫೇಲಾದ್ರಿಂದ ಕತಾರಿನ ಎಲ್ಲ ರಸ್ತೆ ಗೊತ್ತಾಯ್ತು" ಎನ್ನುತ್ತಿದ್ದರು.

ಮೊದಲನೆಯ ಸಲ ನಾನು ಫೇಲಾದದ್ದು ಮರ್ಯಾದೆಯಿಂದ. ದೋಹಾದ ರಸ್ತೆಗಳಲ್ಲಿ ಆಗ ಹೆಜ್ಜೆಗೊಂದು ರೌಂಡಬೌಟು, ಅಂದರೆ ನಮ್ಮ ಕಡೆಯ ಸರ್ಕಲ್ಲು. ಎಡದಿಂದ ಬರುವ ಗಾಡಿಗೆ ದಾರಿ ಬಿಡಬೇಕು ಎಂದು ಕಲಿಸಿದ್ದರು. ಬಿಟ್ಟೆ. ಒಂದು ಗಾಡಿಗೆ ಬಿಟ್ಟೆ, ಅದರ ಹಿಂದಿನದಕ್ಕೆ ಬಿಟ್ಟೆ, ಅದರ ಹಿಂದಿನದಕ್ಕೂ ಬಿಟ್ಟೆ. ಮೈಸೂರಿನವಳಲ್ಲವೇ, ನೀವು ಮೊದಲು ಬನ್ನಿ, ನೀವು ಮೊದಲು ಬನ್ನಿ ಎಂದು ಎಲ್ಲರನ್ನೂ ಕಳಿಸಿಕೊಡುತ್ತ ಕುಳಿತೆ. ಐದು ನಿಮಿಷ ನೋಡಿದ ಅಧಿಕಾರಿ, "ಖಲಾಸ್, ಮೇಡಂ" ಎಂದು ಇಳಿಸಿದರು. ಆಮೇಲೆ ಹಟ ಹಿಡಿದು ಆ ಸುತ್ತಿನ ರೌಂಡಬೌಟುಗಳನ್ನೆಲ್ಲ ಕಾಗದದ ಮೇಲೆ ಬರೆದು, ಯಾವುದರಲ್ಲಿ ಎಷ್ಟನೆಯ ದಾರಿ ಎಂದು ಬಾಯಿಪಾಠ ಮಾಡಿದೆ. ಪಾಠ ಮುಗಿಯುವ ಹೊತ್ತಿಗೆ ವಿಶ್ವಕಪ್ಪಿನ ಹೆಸರಿನಲ್ಲಿ ಅವುಗಳಲ್ಲಿ ಅರ್ಧವನ್ನು ಕಿತ್ತು ಸಿಗ್ನಲ್ ಹಾಕಿಬಿಟ್ಟರು.

ಇಲ್ಲಿಯವರೆಗೂ ಅದೊಂದು ತಮಾಷೆಯಾಗಿತ್ತು. ಮೊದಲನೆಯ ಟೆಸ್ಟು ಆಗಿ ಎರಡು ವಾರಕ್ಕೆ ಒಂದು ಸಂಜೆ ನಮ್ಮ ಯಜಮಾನರು ಶ್ರೀಧರ ಆಫೀಸಿನಿಂದ ಬಂದವರು ಶೂ ಬಿಚ್ಚುವ ಮೊದಲೇ ಹೇಳಿದರು.

"ನನ್ನನ್ನ ರಾಸ್ ಲಫ್ಫಾನಿಗೆ ಹಾಕ್ತಾರಂತೆ ಕಣೇ. ಭಾನುವಾರ ಹೋದ್ರೆ ಗುರುವಾರ ವಾಪಸ್ಸು. ಅಲ್ಲೇ ಕ್ಯಾಂಪು."

"ಯಾವಾಗಿಂದ?"

"ಗೊತ್ತಿಲ್ಲ. ಈ ವರ್ಷದೊಳಗೆ."

ರಾಸ್ ಲಫ್ಫಾನ್ ಎಂದರೆ ಉತ್ತರದ ತುದಿ, ಗ್ಯಾಸಿನ ಊರು. ಸಿರಿಯನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು, ನನ್ನನ್ನು ಆಫೀಸಿಗೆ ಬಿಟ್ಟು, ಮಧ್ಯಾಹ್ನ ಇಬ್ಬರನ್ನೂ ಕರೆತರುತ್ತಿದ್ದವರು ಅವರು. ನಮ್ಮ ಓಣಿಯನ್ನು ಅಗೆದಿದ್ದರಿಂದ ಶಾಲೆಯ ಬಸ್ಸು ಬರುವುದನ್ನು ನಿಲ್ಲಿಸಿತ್ತು. ಬಾಡಿಗೆಗೆ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಟ್ಟು ಬರುವ ಕೆಲಸ ಮಾಡುತ್ತಿದ್ದವರು ಎರಡು ತಿಂಗಳಿಗೊಬ್ಬರಂತೆ ಊರು ಬಿಟ್ಟು ಹೋಗುತ್ತಿದ್ದರು. ಏಳು ವರ್ಷದ ಹುಡುಗಿಯನ್ನು ದಿನಕ್ಕೊಬ್ಬರ ಕೈಗೆ ಕೊಡಲು ನನಗೆ ಧೈರ್ಯವಾಗಲಿಲ್ಲ.

"ನಿನಗೆ ಲೈಸೆನ್ಸು ಸಿಕ್ಕಿದ್ರೆ ಸರಿ. ಇಲ್ಲದಿದ್ರೆ ನೀನೂ ಸಿರೀನೂ ಮೈಸೂರಲ್ಲಿ ಇರೋದು. ನಾನು ವರ್ಷಕ್ಕೊಂದು ಸಲ ಬರ್ತೀನಿ" ಎಂದರು. ಹಾಲು ಮುಗಿದಿದೆ, ತರಬೇಕು ಎನ್ನುವಾಗಿನ ದನಿ. ನನಗೆ ಮೈಯೆಲ್ಲ ಉರಿಯಿತು. ಹೀಗೆ ಹೇಳಿಬಿಡಲು ಇವರಿಗೆ ನಾಲಿಗೆಯಾದರೂ ಹೇಗೆ ಬಂತು ಎಂದು ಯೋಚಿಸುತ್ತ ರಾತ್ರಿ ಅಡಿಗೆಗೆ ಎರಡು ಸಲ ಉಪ್ಪು ಹಾಕಿದೆ.

ಅಲ್ಲಿಂದಾಚೆಗೆ ನನಗೆ ಸ್ಟೇರಿಂಗ್ ಹಿಡಿದರೆ ಕಾಲು ನಡುಗಲು ಶುರುವಾಯಿತು. ಎರಡನೆಯ ಸಲ ಪಾರ್ಕಿಂಗಿನಲ್ಲಿ ಕೋನು ಬೀಳಿಸಿದೆ. ಮೂರನೆಯ ಸಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಲಿಲ್ಲ ಎಂದು ಫೇಲು. ನಾಲ್ಕನೆಯ ಸಲ ತಿರುಗಿ ನೋಡುತ್ತಲೇ ಇದ್ದುದರಿಂದ ಗಾಡಿ ಪಕ್ಕದ ಸಾಲಿಗೆ ಹೋಗಿ ಫೇಲು. ಪ್ರತಿ ಸಲವೂ ಹೊರಗೆ ಕಾರಿನ ಪಕ್ಕ ನಿಂತಿರುತ್ತಿದ್ದ ಶ್ರೀಧರ ನನ್ನ ಮುಖ ನೋಡಿ, ಏನೂ ಕೇಳದೆ ಬಾಗಿಲು ತೆಗೆಯುತ್ತಿದ್ದರು. ಬಯ್ದಿದ್ದರೂ ಚೆನ್ನಾಗಿರುತ್ತಿತ್ತು.

ಅವರ ವರ್ಗ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಮಾರ್ಚಿಗೆ ನಿಂತಿತು. ನನ್ನ ಐದನೆಯ ಟೆಸ್ಟು ಅದಕ್ಕೆ ಒಂದು ತಿಂಗಳು ಮುಂಚೆ. ಅದರಲ್ಲೂ ಫೇಲಾದರೆ ಮತ್ತೆ ಮೊದಲಿನಿಂದ ಕೋರ್ಸಿಗೆ ಸೇರಬೇಕು, ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಅಂದರೆ ಮೈಸೂರೇ ಗತಿ. ಸಿರಿಗೆ ಇದೆಲ್ಲ ಎಲ್ಲಿಂದ ಗೊತ್ತಾಯಿತೋ, ಒಂದು ದಿನ ಶಾಲೆಯಿಂದ ಖಾಲಿ ಬಣ್ಣದ ಡಬ್ಬಿ ತಂದಳು.

"ಕ್ರೇಯಾನ್ಸ್ ಎಲ್ಲಿ?"

"ಫಾತಿಮಾಗೆ ಗಿಫ್ಟ್ ಮಾಡ್ದೆ. ನಾವು ಇಂಡಿಯಾ ಗೋ ಮಾಡ್ತೀವಲ್ಲ."

"ಯಾರು ಹೇಳಿದ್ದು?"

"ನೀನು ಫೇಲ್ ಆಗ್ತೀಯಲ್ಲಮ್ಮಾ, ಎವ್ರಿ ಟೈಮ್" ಎಂದಳು. ಆಡಿಕೊಳ್ಳಲಿಲ್ಲ ಪಾಪ, ಇದ್ದದ್ದನ್ನು ಹೇಳಿದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಐದನೆಯ ಟೆಸ್ಟಿನ ಬೆಳಿಗ್ಗೆ ಆಕಾಶ ಒಂಥರ ಹಸಿರು ಬೆರೆತ ಕಪ್ಪು. ದೋಹಾದಲ್ಲಿ ಅಂಥ ಬಣ್ಣವನ್ನು ನಾನು ನೋಡಿಯೇ ಇರಲಿಲ್ಲ. ಸಿರಿಯನ್ನು ಶಾಲೆಗೆ ಬಿಟ್ಟು, ಶ್ರೀಧರ ನನ್ನನ್ನು ಡ್ರೈವಿಂಗ್ ಶಾಲೆಯ ಗೇಟಿನ ಹತ್ತಿರ ಇಳಿಸಿ, ಆಚೆ ಬಯಲಿನಲ್ಲಿ ಕಾರು ನಿಲ್ಲಿಸಿಕೊಂಡು ಕಾಯಲು ಹೋದರು. ಟೆಸ್ಟಿನ ಕಾರಿನಲ್ಲಿ ನನ್ನ ಜೊತೆ ಗ್ರೇಸ್ ಎಂಬ ಫಿಲಿಪೀನ್ಸಿನ ನರ್ಸು. ನಮ್ಮಿಬ್ಬರದು ಹಳೆಯ ಪರಿಚಯ. ಇಬ್ಬರೂ ಮೂರನೆಯ ಸಲ ಒಂದೇ ದಿನ ಫೇಲಾಗಿ ಒಂದೇ ಬೆಂಚಿನಲ್ಲಿ ಕೂತು ಬಿಸ್ಕತ್ತು ತಿಂದವರು. ಮುಂದುಗಡೆ ಸೀಟಿನಲ್ಲಿ ದಪ್ಪ ಮೀಸೆಯ, ವಯಸ್ಸಾದ ಅಧಿಕಾರಿ. ಗ್ರೇಸ್ ಮೊದಲು ಓಡಿಸಿದಳು, ಚೆನ್ನಾಗಿಯೇ ಓಡಿಸಿದಳು. ಅವಳು ಹಿಂದಕ್ಕೆ ಬಂದು ಕೂತಳು, ನಾನು ಮುಂದಕ್ಕೆ ಹೋದೆ. ಅಧಿಕಾರಿ ತಲೆ ಬಗ್ಗಿಸಿಕೊಂಡು ಅವಳ ಹಾಳೆಯಲ್ಲಿ ಏನೋ ಬರೆಯುತ್ತ, "ಯಲ್ಲಾ" ಎಂದರು, ಹೊರಡು ಎಂದು.

ಹೊರಟೆ. ಕಾಲು ನಡುಗುತ್ತಿತ್ತು. ಒಂದು ರೌಂಡಬೌಟು ದಾಟಿದೆ, ಈ ಸಲ ಯಾರನ್ನೂ ಕಾಫಿಗೆ ಕರೆಯಲಿಲ್ಲ. ಬಲಕ್ಕೆ ತಿರುಗಿದೆ. ಅಷ್ಟರಲ್ಲಿ ಟಾಪಿನ ಮೇಲೆ ಟಕ್ ಎಂದಿತು. ಎಲ್ಲೋ ಜಲ್ಲಿ ಲಾರಿಯಿಂದ ಕಲ್ಲು ಹಾರಿತು ಅಂದುಕೊಂಡೆ. ಆ ವರ್ಷಗಳಲ್ಲಿ ದೋಹಾದ ತುಂಬ ಜಲ್ಲಿ ಲಾರಿಗಳೇ. ಮತ್ತೊಂದು ಟಕ್. ಆಮೇಲೆ ಎಣಿಸಲಾಗಲಿಲ್ಲ. ಬಾನೆಟ್ಟಿನ ಮೇಲೆ ಗೋಲಿಯಷ್ಟು ದಪ್ಪದ ಬಿಳಿ ಉಂಡೆಗಳು ಬಿದ್ದು ಬಿದ್ದು ಪುಟಿಯುತ್ತಿದ್ದವು.

ನಿಜ ಹೇಳುತ್ತೇನೆ. ಆ ಕ್ಷಣ ನನ್ನ ತಲೆಯಲ್ಲಿ ಟೆಸ್ಟೂ ಇರಲಿಲ್ಲ, ಮೈಸೂರೂ ಇರಲಿಲ್ಲ, ಗಂಡ ಮಗಳೂ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ಎಷ್ಟು ಸುತ್ತು? ಇಷ್ಟು ಚಪ್ಪಟೆ ನೆಲದ ಮೇಲೆ, ಇಷ್ಟು ಬಿಸಿ ಊರಿನ ಮೇಲೆ, ಇದು ಮೋಡದಲ್ಲಿ ಎಷ್ಟು ಸಲ ಹತ್ತಿ ಇಳಿದು ಬಂದಿರಬಹುದು? ಕರಗುವ ಮೊದಲು ನೋಡಬೇಕಲ್ಲ! ಕೈಕಾಲುಗಳು ತಾವಾಗಿಯೇ ಶಾಲೆಯಲ್ಲಿ ಕಲಿಸಿದ್ದನ್ನೆಲ್ಲ ಮಾಡಿದವು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ಭುಜದ ಮೇಲಿಂದ ತಿರುಗಿ ನೋಡಿದೆ, ನಿಧಾನವಾಗಿ ಬಲಗಡೆಯ ಮರಳಿಗೆ ಇಳಿಸಿದೆ, ನಾಲ್ಕೂ ದೀಪ ಮಿನುಗಿಸಿದೆ, ಹ್ಯಾಂಡ್ ಬ್ರೇಕ್ ಎಳೆದೆ. ಬಾಗಿಲಿನ ಹಿಡಿಗೆ ಕೈ ಹಾಕಿದೆ.

"ಲೇಶ್?" ಎಂದರು ಅಧಿಕಾರಿ, ಯಾಕೆ ಎಂದು. ಹಾಳೆಯಿಂದ ಆಗಷ್ಟೇ ತಲೆ ಎತ್ತಿದ್ದರು.

"ಆಲಿಕಲ್ಲು ಸರ್!" ಎಂದೆ ಅಚ್ಚ ಕನ್ನಡದಲ್ಲಿ. ಆಮೇಲೆ ಬೆರಳು ತೋರಿಸಿದೆ. ಅಷ್ಟರಲ್ಲಿ ಸದ್ದು ಎಷ್ಟು ಜೋರಾಗಿತ್ತೆಂದರೆ ಕನ್ನಡವೋ ಅರಬ್ಬಿಯೋ ಯಾರಿಗೂ ಕೇಳುವಂತಿರಲಿಲ್ಲ. ಎದುರಿನ ರಸ್ತೆ ಕಾಣದಾಯಿತು. ಅಧಿಕಾರಿ ಬಾಯಿ ತೆರೆದು ನೋಡಿದರು. ಹಿಂದಿನ ಸೀಟಿನಲ್ಲಿ ಗ್ರೇಸ್ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಹತ್ತು ನಿಮಿಷ ಮೂವರೂ ಹಾಗೇ ಕುಳಿತಿದ್ದೆವು. ಗಾಜು ಒಡೆಯಲಿಲ್ಲ, ದೇವರು ದೊಡ್ಡವನು.

ಆಲಿಕಲ್ಲು ನಿಂತ ಮೇಲೆ ಮೊದಲು ಇಳಿದವರು ಅಧಿಕಾರಿ. "ಸುಬ್‌ಹಾನಲ್ಲಾ, ಸುಬ್‌ಹಾನಲ್ಲಾ" ಎನ್ನುತ್ತ ಬೂಟಿನ ತುದಿಯಿಂದ ನೆಲವನ್ನು ಮೆಲ್ಲಗೆ ಮುಟ್ಟಿ ನೋಡಿದರು. ಮರಳು ಕಾಣಿಸುತ್ತಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಬೆಳ್ಳಗೆ, ಅದರ ಮೇಲೆ ಸಣ್ಣಗೆ ಹಬೆ. ನಾನು ಇಳಿದು ಒಂದು ದೊಡ್ಡದನ್ನು ಆರಿಸಿದೆ. ಬ್ಲೇಡು ಇರಲಿಲ್ಲವಾದ್ದರಿಂದ ಹಲ್ಲಿನಿಂದಲೇ ಎರಡು ಹೋಳು ಮಾಡಿದೆ. ಅಧಿಕಾರಿ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಿದ್ದರು.

"ನೋಡಿ ಸರ್, ರಿಂಗ್. ಒನ್, ಟೂ, ತ್ರೀ, ಫೋರ್. ಫೋರ್ ಟೈಮ್ಸ್ ಮೇಲೆ ಹೋಗಿದೆ, ಅಪ್, ಡೌನ್" ಎಂದು ಕೈಯಲ್ಲಿ ಆಡಿಸಿ ತೋರಿಸಿದೆ. ನಮ್ಮಪ್ಪನ ಪಾಠವನ್ನು ಅಂಥ ವಿದ್ಯಾರ್ಥಿಗೆ ಒಪ್ಪಿಸುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅವರು ಬಗ್ಗಿ ತಾವೂ ಒಂದನ್ನು ಎತ್ತಿಕೊಂಡರು. ಒರೆಸಿದರು. ಆಚೀಚೆ ನೋಡಿ ಕಚ್ಚಿದರು. ಬೆಳಕಿಗೆ ಹಿಡಿದು ಬಹಳ ಹೊತ್ತು ಎಣಿಸಿ, "ಖಮ್ಸಾ!" ಎಂದರು. ಐದು! ನನ್ನದಕ್ಕಿಂತ ಒಂದು ಹೆಚ್ಚು. ಆ ಮೀಸೆಯ ಕೆಳಗೆ ಅಂಥ ನಗು ಇದೆ ಎಂದು ಯಾರು ಅಂದುಕೊಂಡಿದ್ದರು? ತಲೆಯ ಟೋಪಿ ತೆಗೆದು, ಅದರ ತುಂಬ ಆಲಿಕಲ್ಲು ತುಂಬಿಸಿ, ಫೋನಿನಲ್ಲಿ ವಿಡಿಯೋ ಮಾಡಿ ಯಾರಿಗೋ ಕಳಿಸಿದರು. "ಮೈ ಮದರ್" ಎಂದರು. ಆಮೇಲೆ ತಾವು ಯಾರೆಂದು ನೆನಪಾಗಿ, ಟೋಪಿ ಕೊಡವಿ ಹಾಕಿಕೊಂಡು, ಗಂಭೀರವಾಗಿ "ಯಲ್ಲಾ" ಎಂದರು. ನಾನು ಚಕ್ರದ ಕೆಳಗೆ ಕರಕರ ಸದ್ದು ಮಾಡಿಸುತ್ತ ಗಾಡಿಯನ್ನು ವಾಪಸ್ಸು ತಂದೆ. ಕಾಲು ನಡುಗುವುದು ಯಾವಾಗ ನಿಂತಿತೋ ಗೊತ್ತಾಗಲೇ ಇಲ್ಲ.

ಡ್ರೈವಿಂಗ್ ಶಾಲೆಯ ಹಾಲಿನಲ್ಲಿ ಗದ್ದಲವೋ ಗದ್ದಲ. ಬೇರೆ ಎರಡು ಟೆಸ್ಟಿನ ಕಾರುಗಳು ಆ ಸುರಿತದಲ್ಲೇ ಮುಂದಕ್ಕೆ ಹೋಗಿ, ಜಾರಿ, ಒಂದಕ್ಕೊಂದು ತಗುಲಿಕೊಂಡಿದ್ದವಂತೆ. ಯಾರಿಗೂ ಪೆಟ್ಟಾಗಿರಲಿಲ್ಲ. ನಮ್ಮ ಅಧಿಕಾರಿ ನನ್ನ ಹಾಳೆಯ ಮೇಲೆ ಮೊಹರು ಒತ್ತಿ ಮುಂದಕ್ಕೆ ತಳ್ಳಿದರು.

"ಪಾಸ್. ಯೂ ಸ್ಟಾಪ್. ವೆರಿ ಗುಡ್. ಅದರ್ ಟೂ ಕಾರ್, ನೋ ಸ್ಟಾಪ್" ಎಂದು ಎರಡು ಅಂಗೈ ಸೇರಿಸಿ ಚಟ್ ಎನಿಸಿದರು. ಸುತ್ತಲಿದ್ದವರಿಗೆ ನನ್ನನ್ನು ತೋರಿಸಿ ಅರಬ್ಬಿಯಲ್ಲಿ ಇನ್ನೂ ಏನೇನೋ ಹೊಗಳಿದರು.

ನನ್ನ ಅಂತಸ್ಸಾಕ್ಷಿ ಸುಮ್ಮನಿರಬೇಕಲ್ಲ! ಸರ್, ನಾನು ನಿಲ್ಲಿಸಿದ್ದು ಜಾಗ್ರತೆಯಿಂದ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಗ್ರೇಸ್ ಹಿಂದಿನಿಂದ ನನ್ನ ತೋಳನ್ನು ಚರ್ಮ ಕಿತ್ತು ಬರುವಂತೆ ಚಿವುಟಿದಳು. ಅವಳೂ ಪಾಸಾಗಿದ್ದಳು. ಬಾಯಿ ಮುಚ್ಚಿಕೊಂಡೆ.

ಹೊರಗೆ ಗೇಟಿನ ಹತ್ತಿರ ಶ್ರೀಧರ ನಿಂತಿದ್ದರು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ. ಟೆಸ್ಟಿನ ಕಾರುಗಳು ಢಿಕ್ಕಿಯಾದವು ಎಂದು ಕಾರಿನೊಳಗೆ ಆಸರೆಗೆ ಬಂದು ಕೂತಿದ್ದ ಯಾರೋ ಫೋನಿನಲ್ಲಿ ಮಾತಾಡುವುದನ್ನು ಕೇಳಿ, ಆಲಿಕಲ್ಲು ಬೀಳುತ್ತಿರುವಾಗಲೇ ಕಾರಿನಿಂದಿಳಿದು ಓಡಿ ಬಂದಿದ್ದರು. ಕಾವಲಿನವನು ಒಳಗೆ ಬಿಟ್ಟಿರಲಿಲ್ಲ.

"ನಿನಗೇನೂ ಆಗಿಲ್ವಲ್ಲ?" ಎಂದರು.

"ಪಾಸಾಯ್ತು."

"ಅದಲ್ಲ ಕಣೇ, ನಿನಗೇನೂ ಆಗಿಲ್ವಲ್ಲ?" ಎಂದು ಮತ್ತೆ ಕೇಳಿದರು. ಆಮೇಲೆ ನಾನು ಹೇಳಿದ್ದು ಅರ್ಥವಾಗಿ ಪಕ್ಕದ ಕಟ್ಟೆಯ ಮೇಲೆ, ಆ ಬರ್ಫಿನ ಮೇಲೆಯೇ, ಕುಸಿದು ಕೂತರು.

ಬಯಲಿನಲ್ಲಿ ನಮ್ಮ ಕಾರು ಬಿಳಿ ಹೊದ್ದು ನಿಂತಿತ್ತು. ಫೋನು ಹೋದ ವಾರ ತೋರಿಸಿದ ಫೋಟೋ ಆಗ ತೆಗೆದದ್ದೇ. ಒಳಗೆ ಕೂತ ಮೇಲೆ ನಡೆದದ್ದನ್ನೆಲ್ಲ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಸುತ್ತು ಎಣಿಸಲು ಗಾಡಿ ನಿಲ್ಲಿಸಿದೆ ಎಂದಾಗ ಹಣೆಯ ಬೋರೆ ಹಿಡಿದುಕೊಂಡು ನಕ್ಕರು. ಎಂಟು ತಿಂಗಳಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಗು ಮುಗಿದ ಮೇಲೆ ಸೀಟಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ನನ್ನ ತೊಡೆಯ ಮೇಲೆ ಹಾಕಿದರು.

"ಗಾಡಿ ಕಾಗದ, ಇನ್ಶೂರೆನ್ಸು, ಎಲ್ಲಾ ಇದರಲ್ಲೇ ಇದೆ. ಪೊಲೀಸ್ನೋರು ಹಿಡಿದ್ರೆ ಇದನ್ನೇ ಕೇಳೋದು. ಒಂದ್ಸಲ ನೋಡ್ಕೊಂಡಿರು."

ನೋಡಿದೆ. ಕಾಗದಗಳ ನಡುವೆ ನಾಲ್ಕು ಮಡಿಕೆ ಮಾಡಿದ ಹಾಳೆಯೊಂದಿತ್ತು. ಅದು ಗಾಡಿಯ ಕಾಗದವಲ್ಲ, ಅವರ ಕಂಪನಿಗೆ ಬರೆದ ಪತ್ರ. ಕುಟುಂಬವನ್ನು ಬಿಟ್ಟು ಸೈಟಿನಲ್ಲಿ ಇರುವುದು ನನ್ನಿಂದಾಗುವುದಿಲ್ಲ, ಹೆಂಡತಿ ಮಗಳು ಊರಿಗೆ ಹೋಗಬೇಕಾಗಿ ಬಂದರೆ ನಾನೂ ಅವರ ಜೊತೆ ಹೊರಡುತ್ತೇನೆ, ಇದನ್ನೇ ನನ್ನ ರಾಜೀನಾಮೆ ಎಂದು ತಿಳಿಯಬೇಕು. ಕೆಳಗೆ ಸಹಿ. ಉದ್ಯೋಗದ ಚಾಳಿ, ನನ್ನ ಕಣ್ಣು ಮೇಲಿನ ತಾರೀಖಿಗೆ ಹೋಯಿತು. ವರ್ಗದ ಸುದ್ದಿ ತಂದರಲ್ಲ, ಮೈಸೂರಿಗೆ ಹೋಗಿ ಎಂದು ಹಾಲಿನ ವಿಷಯದ ಹಾಗೆ ಹೇಳಿದರಲ್ಲ, ಅದರ ಮಾರನೆಯ ದಿನ.

ಅವರು ಸ್ಟೇರಿಂಗ್ ಹಿಡಿದುಕೊಂಡು ಎದುರಿಗೆ ನೋಡುತ್ತಿದ್ದರು. ವೈಪರ್ ಹಾಕಿದರು. ಗಾಜಿನ ಮೇಲಿನದೆಲ್ಲ ಆಗಲೇ ಕರಗಿತ್ತು, ಒರೆಸುವಂಥದ್ದೇನೂ ಇರಲಿಲ್ಲ.

"ಹದಿನಾಲ್ಕು ವರ್ಷದ ಕೆಲಸ ಬಿಡ್ತಿದ್ರಾ?"

"ಇನ್ನೇನು ಮಾಡ್ಲಿ? ಗುರುವಾರ ರಾತ್ರಿ ಖಾಲಿ ಮನೇಗೆ ಬರೋಕಾಗುತ್ತಾ ನನಗೆ?"

"ಅವತ್ತೇ ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಕಲೀತಿದ್ಯಾ, ಪಾಸಾಗ್ತಿದ್ಯಾ? ಹೇಗಿದ್ರೂ ಇವರಿದ್ದಾರೆ ಅಂತ ಕೂತ್ಬಿಡ್ತಿದ್ದೆ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಇಂಥ ಗಂಡಸಿನ ಜೊತೆ ಹತ್ತು ವರ್ಷ ಸಂಸಾರ ಮಾಡಿದ್ದೇನೆ, ಮೋಡದೊಳಗೆ ಆಲಿಕಲ್ಲು ಏನು ಮಾಡುತ್ತದೆ ಎಂದು ಊರಿಗೆಲ್ಲ ಪಾಠ ಹೇಳುತ್ತೇನೆ, ಪಕ್ಕದಲ್ಲಿ ಕೂತವರ ಒಳಗೆ ಏನಿದೆ ಎಂದು ಒಂದು ದಿನ ಕೇಳಿ ನೋಡಲಿಲ್ಲ.

"ಹೇಳಿದ್ದಿದ್ರೆ ಎರಡನೇ ಸಲಕ್ಕೇ ಪಾಸಾಗ್ತಿದ್ದೆ ಕಣ್ರೀ" ಎಂದೆ. "ನನ್ನ ಕಾಲು ನಡುಗ್ತಿದ್ದಿದ್ದು ರೌಂಡಬೌಟಿಗಲ್ಲ."